ಸಡಿಲ ಬೆಲ್ಟು

ಹೇಳಿದರೆ ಅತ್ತೆಗೆ ಸಮಾಧಾನವಾಗುತ್ತದೆಯೋ, ಹೊಟ್ಟೆ ಉರಿಯುತ್ತದೆಯೋ? ಡೈರಿಯಲ್ಲಿ ಅಷ್ಟು ಬರೆದು ಅವಳು ಪೆನ್ನು ಕಚ್ಚಿಕೊಂಡು ಕೂತಳು. ಎದುರಿಗೆ ಅಂಗೈಯಗಲದ ಹಳೆಯ ಕ್ಯಾಸೆಟ್ ಪ್ಲೇಯರ್ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಅದರೊಳಗಿಂದ ತೆಗೆದ ಬೆಲ್ಟು; ಬೆರಳಿಗೆ ಸಿಕ್ಕಿಸಿದರೆ ಜೋತುಬೀಳುವ, ಜೀವ ಹೋದ ರಬ್ಬರು.

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಇಂಥ ಡಬ್ಬಗಳ ಹುಚ್ಚು. ಮನೆಯವರು ಸಿಡಿಗೆ, ಸಿಡಿಯಿಂದ ಮೊಬೈಲಿಗೆ ಹಾರಿಕೊಂಡು ಮುಂದೆ ಹೋದರೆ, ಇವಳು ಅವರು ಬಿಸಾಡಿದ್ದನ್ನೆಲ್ಲ ಹೆಕ್ಕುತ್ತ ಹಿಂದಕ್ಕೆ ನಡೆದಿದ್ದಳು. ಯಾರ ಜೊತೆಗಾದರೂ ಎರಡು ಮಾತಾಡಲು ಬೆವರುವವಳು ಸ್ಕ್ರೂಡ್ರೈವರ್ ಹಿಡಿದರೆ ಮಾತ್ರ ಗಟ್ಟಿಗಿತ್ತಿ.

ಹದಿನೆಂಟು ವರ್ಷದ ಹಿಂದೆ ಅತ್ತೆ, ಅಪ್ಪನ ತಂಗಿ, ಒಂದು ಸ್ಪರ್ಧೆಯಲ್ಲಿ ಹಾಡಿದ್ದಳು. ಯಾರೋ ಅದನ್ನು ರೆಕಾರ್ಡ್ ಮಾಡಿ ಕ್ಯಾಸೆಟ್ ಕೊಟ್ಟರು. ಕೇಳಲೆಂದೇ ಚಿಕ್ಕಪ್ಪ ಈ ಸೆಕೆಂಡ್ ಹ್ಯಾಂಡ್ ಪ್ಲೇಯರ್ ತಂದ. ಆಗ ನಾಲ್ಕೈದು ವರ್ಷದ ಇವಳೂ ಸೇರಿ ಮನೆಮಂದಿಯೆಲ್ಲ ಸುತ್ತ ಕೂತು ಕಿವಿಗೊಟ್ಟರೆ ಅದರ ಪುಟ್ಟ ಸ್ಪೀಕರಿನಿಂದ ಬಂದದ್ದು ಎಳೆದೆಳೆದು ನರಳುವ ದಪ್ಪ ದನಿ. 'ಎಮ್ಮೆ ರಾಗ' ಎಂಬ ಹೆಸರು ಅಂದೇ ಅಂಟಿತು. ಎದುರಿಗೇ ಕೇಳಿದ್ದ ತಮ್ಮ ಕಿವಿಗಿಂತ ಯಂತ್ರವನ್ನು ನಂಬಿದ ಮನೆ ಅದು. ಅತ್ತೆಯೂ ನಂಬಿದಳು. ಆಮೇಲೆ ಅವಳು ಬಾಯಿ ತೆರೆದು ಹಾಡಲಿಲ್ಲ. ಹೊಲಿಗೆ ಅಂಗಡಿ ಇಟ್ಟಳು.

ಸಂಜೆ, ಹೊಸ ಬೆಲ್ಟ್ ಹಾಕಿ ಆ ಹಳೆಯ ಕ್ಯಾಸೆಟ್ ತುರುಕಿದ ಪ್ಲೇಯರನ್ನು ದುಪಟ್ಟಾದೊಳಗೆ ಅಡಗಿಸಿಕೊಂಡು ಅವಳು ಅಂಗಡಿಗೆ ಹೋದಳು. ಅತ್ತೆ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು.

"ಏನೇ, ಕಳ್ಳಬೆಕ್ಕಿನ ಥರ ಬಂದು ನಿಂತಿದ್ದೀಯ? ಬಾಯಿಗೆ ಬೀಗ ಹಾಕ್ಕೊಂಡು ಬಂದ್ಯಾ?"

ಅವಳು ಹೆಡ್‌ಫೋನನ್ನು ಅತ್ತೆಯ ಕಿವಿಗಿಟ್ಟು ಗುಂಡಿ ಒತ್ತಿದಳು.

ಪೆಡಲಿನ ಮೇಲೆ ಅತ್ತೆಯ ಕಾಲು ನಿಂತಿತು. "ಯಾರೇ ಇದು? ಚೆನ್ನಾಗಿ ಹಾಡ್ತಾಳಲ್ಲ!"

"ನೀವೇ."

"ಸುಮ್ನಿರೇ, ತಮಾಷೆ ಮಾಡ್ಬೇಡ."

"ಬೆಲ್ಟ್ ಸಡಿಲ ಆಗಿತ್ತು ಅತ್ತೆ. ಟೇಪು ನಿಧಾನಕ್ಕೆ ತಿರುಗ್ತಿತ್ತು. ಅದಕ್ಕೇ ಹಂಗೆ..."

ಹೊಲಿಗೆ ಮಿಷಿನ್ನಿನ ಬೆಲ್ಟನ್ನು ಎಷ್ಟೋ ಸಲ ಕತ್ತರಿಸಿ ಬಿಗಿಮಾಡಿದ್ದವಳಿಗೆ ಅಷ್ಟು ಸಾಕಾಯಿತು. ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಆ ಮುಖ ನೋಡುವ ಧೈರ್ಯವಿಲ್ಲದೆ ಇವಳು ಗುಂಡಿಗಳ ಡಬ್ಬದಲ್ಲಿ ಬೆರಳಾಡಿಸುತ್ತ ನಿಂತಳು. ಬೈಗುಳ ಬರಬಹುದು, ಅಳು ಬರಬಹುದು.

ಬಂದದ್ದು ನಗು. "ಅಯ್ಯೋ ದೇವ್ರೇ, ಹದಿನೆಂಟು ವರ್ಷ! ಬೆಲ್ಟ್ ಬಿಗಿ ಮಾಡಿದ್ರೆ ಮುಗೀತಿತ್ತು, ನಾನು ಬಾಯಿ ಬಿಗಿ ಮಾಡ್ಕೊಂಡೆ!"

ಕಣ್ಣೊರೆಸಿಕೊಂಡು ಅತ್ತೆ ಕುರ್ಚಿಗೆ ಒರಗಿದಳು. ಕ್ಯಾಸೆಟ್ಟಿನ ಜೊತೆ ಮೆಲ್ಲಗೆ ದನಿ ಕೂಡಿಸಿದಳು. ಒಂದು ಕಡೆ ದನಿ ಒಡೆಯಿತು; ಬಿಡದೆ ಮತ್ತೆ ಹಿಡಿದಳು.

"ನಿನ್ನ ಚಿಕ್ಕಪ್ಪ ಸಿಗ್ಲಿ. ಎಮ್ಮೆ ಅಂತ ಹೆಸರಿಟ್ಟ ಆ ಬಾಯಿನ ಇದೇ ಸೂಜಿಲಿ ಹೊಲಿದ್ಬಿಡ್ತೀನಿ."

ಹೂಂ ಅಂದುಬಿಟ್ಟರೆ ಆಗುತ್ತಿತ್ತು. ಚಿಕ್ಕಪ್ಪನಿಗೆ ಆ ಬೈಗುಳ ಅಭ್ಯಾಸವಾಗಿಹೋಗಿತ್ತು. ಅವಳು ನೆಲದ ಮೇಲಿನ ದಾರದ ತುಂಡೊಂದನ್ನು ಹೆಕ್ಕಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಚಿಕ್ಕಪ್ಪ ಅಲ್ಲ ಅತ್ತೆ. ಅವರ ಕಿವೀಲಿ ಎಮ್ಮೆ ಅಂತ ಮೊದಲು ಹೇಳಿದ್ದು ನಾನು. ಅವರು ಜೋರಾಗಿ ಹೇಳಿದ್ರು, ಅಷ್ಟೆ."