ಹೊಲಿಗೆ ಮೆಷಿನ್ನಿನ ಎಣ್ಣೆ

ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಪರಾಂಜಪೆ ಪೆಟ್ಟಿಗೆಯ ಮುಚ್ಚಳ ತೆಗೆದು, ಫ್ಲಾಪಿ ಡ್ರೈವನ್ನು ಹೊರಗೆಳೆದು, ತಂತಿ ಬಿಚ್ಚದೆ ಹಾಗೆಯೇ ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದ. ಟ್ಯೂಬ್‌ಲೈಟ್ ಹಾಕಿ ಎಂದು ಹಿಂದಿಯಲ್ಲಿ ಹೇಳಿದ. ಹಾಡುಹಗಲಲ್ಲಿ ದೀಪ ಯಾಕಪ್ಪ ಎಂದುಕೊಳ್ಳುತ್ತಲೇ ವೆಂಕಟಸುಬ್ಬಯ್ಯನವರು ಎದ್ದು ಸ್ವಿಚ್ ಒತ್ತಿದರು.

ಡ್ರೈವಿನ ತಳದಲ್ಲಿ ಒಂದು ಚಕ್ರವಿತ್ತು, ಅದನ್ನು ತಿರುಗಿಸಲು ಒಂದು ರಬ್ಬರ್ ಬೆಲ್ಟು. ಚಕ್ರದ ಮೇಲೆ ಸುತ್ತಲೂ ಕಪ್ಪು ಬಿಳಿ ಗೆರೆಗಳು. ಚಕ್ರ ಸರಿಯಾದ ವೇಗದಲ್ಲಿ ತಿರುಗುತ್ತಿದ್ದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ಗೆರೆಗಳು ನಿಂತೇಬಿಟ್ಟಂತೆ ಕಾಣುತ್ತವೆ, ನಿಧಾನವಾದರೆ ಹಿಂದಕ್ಕೆ ಜಾರುತ್ತವೆ ಎಂದು ವಿವರಿಸಿ ಪರಾಂಜಪೆ ಡ್ರೈವನ್ನು ಓಡಿಸಿದ. ಗೆರೆಗಳು ಹಿಂದಕ್ಕೆ ಜಾರತೊಡಗಿದವು. ಒಂದೇ ಸಮನೆಯೂ ಅಲ್ಲ, ಕುಂಟುತ್ತ ಜಾರಿದವು.

ಅವನು ಬೆಲ್ಟನ್ನು ಮುಟ್ಟಿದ. ಹೆಬ್ಬೆರಳು ತೋರುಬೆರಳು ಉಜ್ಜಿ ಮೂಗಿಗೆ ಹಿಡಿದ. ಆಮೇಲೆ ತಲೆಯೆತ್ತಿ, "ಸಾಬ್, ಇಸ್ ಮೇ ತೇಲ್ ಕಿಸ್‌ನೆ ಡಾಲಾ?" ಎಂದ.

ಎಣ್ಣೆ ಹಾಕಿದವರು ಯಾರು ಎಂದರೆ, ಇದೋ ಇಲ್ಲೇ ನಿಂತಿದ್ದರಲ್ಲ, ಅವರೇ. ಆದರೆ ಅವರು ಕೇಳಿಸದವರಂತೆ ಸ್ವಿಚ್ಚಿನ ಕಡೆ ತಿರುಗಿಕೊಂಡರು. ಕಿವಿ ಮಾತ್ರ ಬಿಸಿಯಾಯಿತು.

ಮುಂಬಯಿ ವಿಕ್ರೋಳಿಯ ಆ ಸ್ವಿಚ್ ಕಾರ್ಖಾನೆಗೆ ಕಂಪ್ಯೂಟರ್ ಬಂದದ್ದು ಆ ವರ್ಷವೇ. ಅಕೌಂಟ್ಸಿನ ಹಿರಿಯರೆಂದು ವೆಂಕಟಸುಬ್ಬಯ್ಯನವರನ್ನು ಅದಕ್ಕೆ ಯಜಮಾನರನ್ನಾಗಿ ಮಾಡಿದ್ದರು. ಕಂಪ್ಯೂಟರಿನ ಬಗ್ಗೆ ಅವರಿಗಿದ್ದ ವಿದ್ಯೆಯೆಂದರೆ ಆ ಕೋಣೆಯ ಬೀಗದ ಕೈ. ಚಪ್ಪಲಿ ಹೊರಗೆ ಬಿಡಿಸುವುದು, ಎ.ಸಿ. ಹಾಕಿಸುವುದು, ಸಂಜೆ ಮೇಲೆ ಬಟ್ಟೆ ಹೊದಿಸುವುದು, ಇಷ್ಟನ್ನು ಅವರು ದೇವರ ಮನೆಯ ಮಡಿಯಂತೆ ನಡೆಸಿಕೊಂಡು ಬರುತ್ತಿದ್ದರು. ನಿಜವಾದ ಕೆಲಸ ಮಾಡುತ್ತಿದ್ದವಳು ಪಂಕಜಾ. ಭಾಂಡುಪಿನಲ್ಲಿ ಅವರ ಬಿಲ್ಡಿಂಗಿನವಳೇ, ಹಾಸನದ ಕಡೆಯವರು. ತಂದೆ ಗುಮಾಸ್ತರಾಗಿದ್ದ ಬಟ್ಟೆ ಮಿಲ್ಲು ಬಾಗಿಲು ಹಾಕಿದ ಮೇಲೆ ಮನೆ ನಡೆಯುತ್ತಿದ್ದುದು ಅವಳಿಂದಲೇ. ಟೈಪಿಂಗ್ ಗೊತ್ತಿದ್ದ ಹುಡುಗಿಯನ್ನು ಮ್ಯಾನೇಜರ್ ಸಬ್ನಿಸರಿಗೆ ಹೇಳಿ ಸೇರಿಸಿದ್ದೂ ವೆಂಕಟಸುಬ್ಬಯ್ಯನವರೇ. ಈ ತಿಂಗಳು ಕಳೆದರೆ ಅವಳ ಕೆಲಸ ಕಾಯಂ ಆಗಬೇಕಿತ್ತು.

ಇನ್ನು ಎಣ್ಣೆಯ ವಿಷಯ. ಅವರು ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ. ಅಲ್ಲಿ ಆಯುಧಪೂಜೆಯೆಂದರೆ ಬರೀ ಕುಂಕುಮ ಇಟ್ಟು ಕೈಮುಗಿಯುವುದಲ್ಲ. ಸೈಕಲ್ಲಿನಿಂದ ಹಿಡಿದು ಈಳಿಗೆಮಣೆಯವರೆಗೆ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ಹಿಂದಿನ ದಿನವೇ ಒರೆಸಿ, ಎಣ್ಣೆ ಕಾಣಿಸಬೇಕಾದ ಕಡೆ ಕಾಣಿಸಿ, ಆಮೇಲೆ ಪೂಜೆ. ಎಣ್ಣೆ ಬಿಡದೆ ಯಂತ್ರಕ್ಕೆ ಹೂವಿಡುವುದೆಂದರೆ ಮಗುವಿಗೆ ಸ್ನಾನ ಮಾಡಿಸದೆ ಹೊಸಬಟ್ಟೆ ತೊಡಿಸಿದ ಹಾಗೆ ಎಂದು ಅವರ ತಂದೆ ಹೇಳುತ್ತಿದ್ದರು. ಈ ಸಲ ಕಾರ್ಖಾನೆಯ ಲೇತುಗಳಿಗೆಲ್ಲ ಕೆಲಸಗಾರರು ಎಣ್ಣೆ ಹಾಕಿ ಚೆಂಡು ಹೂ ಕಟ್ಟುತ್ತಿದ್ದುದನ್ನು ಕಂಡು ಅವರಿಗೆ ತಮ್ಮ ಕಂಪ್ಯೂಟರಿನ ಮೇಲೆ ಮರುಕ ಬಂತು. ಅದಕ್ಕೂ ಸರಿಯಾಗಿ ಫ್ಲಾಪಿ ಹಾಕುವ ಬಾಯಿ ಎರಡು ದಿನದಿಂದ ಕಿರ್ರೆನ್ನುತ್ತಿತ್ತು. ಹೆಂಡತಿ ಅಲಮೇಲುವಿನ ಹೊಲಿಗೆ ಮೆಷಿನ್ನಿನದು, ಕೊಕ್ಕರೆ ಮೂತಿಯ ಪುಟ್ಟ ಎಣ್ಣೆ ಡಬ್ಬಿ, ಅದನ್ನು ಊಟದ ಡಬ್ಬಿಯ ಜೊತೆ ತಂದು, ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಬಾಯಿಯೊಳಕ್ಕೆ ಧಾರಾಳವಾಗಿಯೇ ಬಿಟ್ಟರು. ಕಿರ್ರೆನ್ನುವುದು ನಿಂತಿತು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಮರುದಿನ ಮಂಗಳಾರತಿ ಎತ್ತುವಾಗ ಕಣ್ಣು ಒದ್ದೆಯಾಗಿತ್ತು.

ಡ್ರೈವು ನಿಧಾನವಾದದ್ದು ಆಮೇಲಿನಿಂದ. ಮೊದಲು ಕೂಡಲೇ ಓದಿ ಮುಗಿಸುತ್ತಿದ್ದ ಫ್ಲಾಪಿಯನ್ನು ಅದು ಗೊರಗೊರ ಎನ್ನುತ್ತ ಓದಿದ್ದನ್ನೇ ಓದತೊಡಗಿತು. ದೀಪಾವಳಿಯ ಮುಂದೆ ಕೆಲಸಗಾರರ ಸಂಬಳದ ಚೀಟಿಗಳು ತಡವಾದವು. ಜನ ಆಫೀಸಿನ ಬಾಗಿಲ ಮುಂದೆ ನಿಂತರು. ಸಬ್ನಿಸರು ಮುಖ ಕೆಂಪು ಮಾಡಿಕೊಂಡು ಕಂಪ್ಯೂಟರ್ ಕೋಣೆಗೆ ಬಂದಾಗ ಪಂಕಜಾ, ಡ್ರೈವೇ ಸ್ಲೋ ಆಗಿದೆ, ಇಂಜಿನಿಯರನ್ನು ಕರೆಸಬೇಕು ಎಂದಳು. ವೆಂಕಟಸುಬ್ಬಯ್ಯನವರಿಗೆ ಅದು ತಮ್ಮ ಯಜಮಾನಿಕೆಗೇ ಹೇಳಿದ ಮಾತಿನಂತೆ ಕೇಳಿಸಿತು. ಪೂಜೆ ಮಾಡಿ ಎಣ್ಣೆ ಹಾಕಿದ ಯಂತ್ರಕ್ಕೆ ರೋಗವೇ?

"ಕುಣಿಯಲಾರದವಳು ಅಂಗಳ ಡೊಂಕು ಅಂದ್ಲಂತೆ," ಎಂದುಬಿಟ್ಟರು.

ಕನ್ನಡದಲ್ಲಿ ಹೇಳಿದ್ದು, ಅವಳೊಬ್ಬಳಿಗೇ ತಿಳಿದು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅಂಗಳದ ಮಾತು ಸಬ್ನಿಸರ ಕಿವಿಗೂ ಬಿತ್ತು. ಏನದು ಎಂದು ಕೇಳಿದರು. ಇವರು ಅರ್ಥ ಹೇಳಿದ್ದೇ ತಡ, ಅರೇ ಇದು ನಮ್ಮಲ್ಲೂ ಇದೆ ಎಂದು ಸಬ್ನಿಸರು, "ನಾಚತಾ ಯೇಯಿನಾ, ಅಂಗಣ್ ವಾಕಡೆ" ಎಂದು ರಾಗವಾಗಿ ಹೇಳಿ ನಕ್ಕರು. ಬಾಗಿಲಲ್ಲಿದ್ದವರೂ ನಕ್ಕರು. ಅಂದಿನಿಂದ ಪಂಕಜಾಳಿಗೆ ಆಫೀಸಿನಲ್ಲಿ ಅಂಗಣ್‌ಬಾಯಿ ಎಂದು ಹೆಸರಾಯಿತು. ಟೈಪಿಸ್ಟ್ ಹುಡುಗಿಯರು ಅವಳ ಎದುರೇ ಕರೆಯುತ್ತಿದ್ದರು. ಅಲ್ಲಿಯವರೆಗೆ ಆಫೀಸಿನಲ್ಲಿ ಸರ್ ಎಂದೂ ಬಿಲ್ಡಿಂಗಿನಲ್ಲಿ ಮಾಮಾ ಎಂದೂ ಕರೆಯುತ್ತಿದ್ದವಳು ಆಮೇಲೆ ಮೆಟ್ಟಿಲಲ್ಲಿ ಸಿಕ್ಕರೂ ಸರ್ ಎನ್ನತೊಡಗಿದಳು. ಸಂಜೆ ಭಾಂಡುಪಿನಲ್ಲಿ ಲೋಕಲ್ ರೈಲಿನ ಲೇಡೀಸ್ ಡಬ್ಬದಿಂದ ಇಳಿದು ಬ್ರಿಜ್ಜಿನ ಕೆಳಗೆ ಅವರಿಗಾಗಿ ಕಾಯುತ್ತಿದ್ದವಳು ಕಾಯುವುದನ್ನೂ ಬಿಟ್ಟಳು.

ಈ ವಾರ ಸಬ್ನಿಸರು ಆಕೆಯನ್ನು ಟೈಪಿಂಗಿಗೆ ವಾಪಸು ಕಳಿಸಿ, ಕಾಯಂ ಮಾಡುವುದೋ ಬೇಡವೋ ಎಂದು ಕೇಳಿದ್ದರು. ಹುಡುಗಿ ಒಳ್ಳೆಯವಳು, ಆದರೆ ಕೈ ನಿಧಾನ, ನೀವೇ ನೋಡಿ ಎಂದಿದ್ದರು ವೆಂಕಟಸುಬ್ಬಯ್ಯನವರು. ಬೇರೆ ಆಪರೇಟರ್ ಸಿಗುವ ತನಕ ತಾವೇ ಕುಳಿತರು. ಅವರ ಕೈಯಲ್ಲೂ ಅದು ಗೊರಗೊರ ಎಂದೇ ಅಂದಿತು. ಎರಡು ದಿನ ಹಾಗೆಯೇ ನೂಕಿದರು. ಮೂರನೆಯ ದಿನ, ಶನಿವಾರ ಅರ್ಧ ದಿನ, ಜನ ಕಡಿಮೆ ಎಂದು ನೋಡಿಕೊಂಡು ಇಂಜಿನಿಯರನ್ನು ಕರೆಸಿದ್ದರು.

ಈಗ ಆ ಇಂಜಿನಿಯರು ಎಣ್ಣೆಯ ಬೆರಳು ಹಿಡಿದು ನಿಂತಿದ್ದ. ಅಷ್ಟರಲ್ಲಿ, ಬರುವುದಿಲ್ಲವೆಂದುಕೊಂಡಿದ್ದ ಸಬ್ನಿಸರು ಒಳಗೆ ಬಂದರು. ಪರಾಂಜಪೆ ಮರಾಠಿಯಲ್ಲಿ ವಿಷಯ ಹೇಳಿದ. ಒಳಗೆ ಬಿದ್ದ ಎಣ್ಣೆ ಇಳಿದು ಬೆಲ್ಟಿಗೆ ತಾಗಿದೆ, ಬೆಲ್ಟು ಜಾರುತ್ತದೆ, ಚಕ್ರ ನಿಧಾನವಾಗುತ್ತದೆ, ಇದರ ಮೇಲೆ ಯಾರು ಕೂತರೂ ಕೆಲಸ ಬೇಗ ಆಗುವುದಿಲ್ಲ. ಸಬ್ನಿಸರು ವೆಂಕಟಸುಬ್ಬಯ್ಯನವರ ಕಡೆ ತಿರುಗಿ ಎಣ್ಣೆ ಹಾಕಿದ್ದು ಆ ಹುಡುಗಿಯೇನು ಎಂದು ಕೇಳಿದರು.

ನಮ್ಮ ಕಡೆ ತಲೆಯಾಡಿಸುವ ಒಂದು ಬಗೆಯಿದೆ. ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿದ್ದೂ ವೆಂಕಟಸುಬ್ಬಯ್ಯನವರು ಅದನ್ನು ಬಿಟ್ಟಿರಲಿಲ್ಲ. ಹಾಗೆ ಆಡಿಸಿದರು. ಸಬ್ನಿಸರು ಹೌದೆಂದೇ ತಿಳಿಯುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಡಿಸಿದರು.

ಸಬ್ನಿಸರು ಬಾಗಿಲಿಗೆ ಹೋಗಿ ಟೈಪಿಂಗ್ ಹಾಲಿನತ್ತ ಕೂಗಿ ಕರೆದರು. ಪಂಕಜಾ ಬಂದು, ಅಭ್ಯಾಸದಂತೆ ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲ ಒಳಗೆ ನಿಂತಳು. ಮೆಷಿನ್ನಿಗೆ ಎಣ್ಣೆ ಹಾಕಲು ಹೇಳಿದವರು ಯಾರು ಎಂದು ಸಬ್ನಿಸರು ಕೇಳಿದರು. ಅವಳು ಮೊದಲು ಬಿಚ್ಚಿಟ್ಟ ಡ್ರೈವನ್ನು ನೋಡಿದಳು. ಆಮೇಲೆ ಪರಾಂಜಪೆಯ ಬೆರಳನ್ನು. ಕೊನೆಗೆ ವೆಂಕಟಸುಬ್ಬಯ್ಯನವರನ್ನು ನೋಡಿದಳು, ನೋಡುತ್ತಲೇ ನಿಂತಳು. ಬೇಡಿಕೊಳ್ಳುವ ನೋಟವಲ್ಲ, ಸಿಟ್ಟಿನದೂ ಅಲ್ಲ. ಬಸ್ಸು ಬರುತ್ತದೋ ಇಲ್ಲವೋ ಎಂದು ರಸ್ತೆ ನೋಡುವವರಂತೆ ಸುಮ್ಮನೆ ಕಾಯುತ್ತಿದ್ದಳು. ಅವರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು," ಎಂದರು. ಸಬ್ನಿಸರ ಕಡೆ ತಿರುಗಿ ಮತ್ತೆ ಹೇಳಿದರು. "ಮೀಚ್ ಘಾತಲಂ ಸಾಹೇಬ್. ನಾನೇ ಹಾಕಿದ್ದು. ಆಯುಧಪೂಜೆಗೆ."

ಪರಾಂಜಪೆ ಬಾಯಿ ಬಿಟ್ಟು ನೋಡಿದ. ಸಬ್ನಿಸರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಪ್ಯೂಟರಿಗೆ ಅಭ್ಯಂಜನ ಮಾಡಿಸಿದರಲ್ಲ ನಮ್ಮ ಪಂಡಿತರು, ಸದ್ಯ, ಸೀಗೆಪುಡಿ ಹಾಕಿ ತಿಕ್ಕಲಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ಹೊರಗೆ ಹೋಗಿ ಟೈಪಿಸ್ಟರಿಗೆಲ್ಲ ಹೇಳಿದರು. ಅಲ್ಲಿಂದಲೂ ನಗು ಕೇಳಿಸಿತು, ಪ್ರೀತಿಯ ನಗು. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದ ವೆಂಕಟಸುಬ್ಬಯ್ಯನವರು ಹಾಗೆಯೇ ನಿಂತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಅದೇ ಡ್ರೈವಿಗಾಗಿ ಅವಳು ಅಂಗಣ್‌ಬಾಯಿ ಆಗಿದ್ದಳು, ಅವರು ಭಕ್ತರಾದರು. ಸೋಮವಾರದಿಂದ ಅವಳು ಮತ್ತೆ ಕಂಪ್ಯೂಟರಿಗೆ ಬರಲಿ, ಕಾಯಂ ಆಗಲಿ ಎಂದು ಸಬ್ನಿಸರು ಹೋಗುತ್ತ ಹೋಗುತ್ತ ಅಂದರು. ಆ ಹುಡುಗಿಗೆ ಅನ್ಯಾಯವಾಯಿತು ಎಂದು ಮಾತ್ರ ಯಾರೂ ಅನ್ನಲಿಲ್ಲ.

ಪರಾಂಜಪೆ ಹತ್ತಿಗೆ ಸ್ಪಿರಿಟ್ ಅದ್ದಿ ಚಕ್ರ ಒರೆಸಿ, ಚೀಲದಿಂದ ಹೊಸ ಬೆಲ್ಟು ತೆಗೆದು ಹಾಕಿದ. ಟ್ಯೂಬ್‌ಲೈಟಿನ ಕೆಳಗೆ ಗೆರೆಗಳು ನಿಂತವು. ಡ್ರೈವನ್ನು ಒಳಗೆ ಕೂರಿಸಿ, ಒಂದು ಸಲ ಓಡಿಸಿ ನೋಡಿ ಎಂದು ಪಂಕಜಾಳಿಗೆ ಹೇಳಿ ಕೈ ತೊಳೆಯಲು ಹೋದ.

ಅವಳು ಕುರ್ಚಿಯಲ್ಲಿ ಕುಳಿತು ಫ್ಲಾಪಿ ಹಾಕಿದಳು. ವೆಂಕಟಸುಬ್ಬಯ್ಯನವರು ಹಿಂದೆ ನಿಂತಿದ್ದರು. ಅವಳ ಜಡೆಯನ್ನೇ ನೋಡುತ್ತ, "ಅಂಗಳ ನಿಜವಾಗ್ಲೂ ಡೊಂಕಾಗಿತ್ತು ಕಣಮ್ಮ. ಮಾಡ್ದೋನು ನಾನು," ಎಂದರು.

"ಗೊತ್ತಿತ್ತು ಸರ್."

"ಗೊತ್ತಿತ್ತಾ?"

"ಫ್ಲಾಪಿ ತೆಗೆದಾಗೆಲ್ಲ ಕೈಗೆ ವಾಸನೆ ಬರ್ತಿತ್ತು. ನಾನು ಹೊಲಿಗೆ ಕಲ್ತಿದ್ದು ನಿಮ್ಮನೇಲೇ ಅಲ್ವಾ? ಮಾಮಿ ಮೆಷಿನ್ ಎಣ್ಣೆ ನಂಗೆ ಗೊತ್ತಾಗಲ್ವಾ?"

"ಮತ್ತೆ ಒಂದ್ಮಾತು ಹೇಳೋದಲ್ವೇನಮ್ಮ."

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಡ್ರೈವ್ ಸ್ಲೋ ಅಂತ ಹೇಳಿದ್ದಕ್ಕೇ ಗಾದೆ ಹೇಳಿದ್ರಿ. ಎಣ್ಣೆ ಹಾಕಿದ್ದು ನೀವು ಅಂದಿದ್ರೆ ಇನ್ನೇನು ಹೇಳ್ತಿದ್ರೋ, ನಂಗೆ ಭಯ ಆಯ್ತು. ಕೆಲಸ ಕೊಡ್ಸಿದ್ದು ನೀವೇ ತಾನೆ."

ಡ್ರೈವಿನ ಕೆಂಪು ದೀಪ ಹತ್ತಿ ಆರಿತು. ಪರದೆಯ ಮೇಲೆ ಹೆಸರುಗಳ ಸಾಲು ಒಂದರ ಹಿಂದೆ ಒಂದು ಬಂದು ನಿಂತಿತು. "ಆಯ್ತು ಸರ್," ಎಂದು ಅವಳು ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು.

ವೆಂಕಟಸುಬ್ಬಯ್ಯನವರು ತಮ್ಮ ಡ್ರಾಯರಿನಲ್ಲಿ ಇಷ್ಟು ದಿನ ಬಿದ್ದಿದ್ದ ಎಣ್ಣೆ ಡಬ್ಬಿಯನ್ನು ತೆಗೆದು ಕಾಗದ ಸುತ್ತಿ ಚೀಲಕ್ಕೆ ಹಾಕಿಕೊಂಡರು. ಅಲಮೇಲು ಎರಡು ಸಲ ಕೇಳಿದ್ದಳು, ಗೊತ್ತಿಲ್ಲ ಎಂದಿದ್ದರು. ಮಧ್ಯಾಹ್ನದ ಲೋಕಲ್ ಖಾಲಿಯಿತ್ತು, ಆದರೂ ಅವರು ಬಾಗಿಲ ಬಳಿಯೇ ನಿಂತು ಬಂದರು. ಭಾಂಡುಪಿನಲ್ಲಿ ಇಳಿದು, ಏನೂ ಅಲ್ಲವೆಂಬಂತೆ, ಬ್ರಿಜ್ಜಿನ ಕೆಳಗೆ ನೋಡಿದರು. ಕಡಲೆಕಾಯಿ ಮಾರುವವನೊಬ್ಬ ಕುಳಿತಿದ್ದ.

ಪಂಕಜಾ ಆಗಲೇ ಬ್ರಿಜ್ಜಿನ ಮೆಟ್ಟಿಲ ಮೇಲಿದ್ದಳು. ಅವರು ಕರೆಯಬೇಕೆಂದು ಬಾಯಿ ತೆರೆದು, ಏನೆಂದು ಕರೆಯುವುದು ತಿಳಿಯದೆ ಮುಚ್ಚಿದರು. ಕಾಗದ ಎಣ್ಣೆ ಕುಡಿದು ಚೀಲದ ಮೂಲೆ ಒದ್ದೆಯಾಗಿತ್ತು. ಅದು ಪಂಚೆಗೆ ತಾಗದಂತೆ ದೂರ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಬಂದು ನೋಡಿದರೆ ಅವಳು ಬ್ರಿಜ್ಜಿನ ಆ ಕೊನೆ ಮುಟ್ಟಿದ್ದಳು. ಏನು ಚುರುಕು ನಡಿಗೆ ಆ ಹುಡುಗಿಯದು.