ಡಬ್ಬಿಯ ತಳದ ಅಂಕಿ

ಅಕ್ಕ ಮಾಡಿಕೊಟ್ಟ ಕ್ರೀಮು ಮುಗಿದು ಒಂದು ವರ್ಷವಾಗಿತ್ತು. ತಂಗಿ ಆ ಕೊನೆಯ ಡಬ್ಬಿಯನ್ನು ಮೊದಲು ಬೆರಳಿನಿಂದ, ಆಮೇಲೆ ಕಡ್ಡಿಯಿಂದ ಕೆರೆದು, ಕೊನೆಗೆ ಬಿಸಿನೀರಿನಲ್ಲಿಟ್ಟು ಕರಗಿಸಿ ಬಳಸಿದ್ದಳು. ಅಷ್ಟಾದರೂ ಅಕ್ಕನಿಗೆ ಒಂದು ಫೋನು ಮಾಡಿರಲಿಲ್ಲ. ಹಠ ಅಂದರೆ ಅಂಥ ಹಠ.

ತಂಗಿಯದು ಬ್ಯೂಟಿ ಪಾರ್ಲರು. ದಿನಕ್ಕೆ ಹದಿನೈದು ತಲೆ ತೊಳೆಯುವ ಕೈ. ಶಾಂಪೂ, ಬಣ್ಣ, ಬಿಸಿನೀರು ಸೇರಿ ಬೆರಳ ಗೆಣ್ಣುಗಳೆಲ್ಲ ಒಡೆದುಹೋಗುತ್ತಿದ್ದವು. ಗ್ಲೌಸ್ ಹಾಕಿಕೊಂಡರೆ ಕೂದಲಿನ ಹದ ತಿಳಿಯುವುದಿಲ್ಲ ಎಂದು ಅವಳ ವಾದ. ಅಕ್ಕನದು ಮೂರು ಬಸ್ ಸ್ಟಾಪಿನಾಚೆ ಔಷಧಿ ಅಂಗಡಿ. ಹಿಂದಿನ ಕೋಣೆಯಲ್ಲಿ ತಕ್ಕಡಿ ಇಟ್ಟುಕೊಂಡು ಮುಲಾಮು ಕಲಸುವುದರಲ್ಲಿ ಎತ್ತಿದ ಕೈ. ತಿಂಗಳಿಗೊಮ್ಮೆ ಅವಳು ಪಾರ್ಲರಿಗೆ ಬರುವಳು. ತಂಗಿಯ ಎರಡೂ ಕೈ ಹಿಡಿದು, ಮಗುಚಿ, ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿ ನೋಡಿ, "ಹೂಂ" ಎಂದು ಹೊರಟುಬಿಡುವಳು. ಎರಡು ದಿನಕ್ಕೆ ಡಬ್ಬಿ ಬರುತ್ತಿತ್ತು.

"ಏನಮ್ಮ, ಭವಿಷ್ಯ ಹೇಳ್ತೀಯಾ?" ಎಂದು ತಂಗಿ ಕಿಚಾಯಿಸುವಳು. ಅಕ್ಕ ನಗುವ ಪೈಕಿಯಲ್ಲ.

ಜಗಳವಾಗಿದ್ದು ಸಣ್ಣ ಮಾತಿಗೆ. ಗಿರಾಕಿಗಳ ಎದುರಿಗೇ ಅಕ್ಕ, "ತಲೆಗೆ ಹಚ್ಚೋ ಬಣ್ಣಾನ ತೂಕ ಮಾಡಿ ಕಲಸೇ, ಹೀಗೆ ಕಣ್ಣಳತೇಲಿ ಅಲ್ಲ" ಅಂದಳು. ತಂಗಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ನನ್ನ ಕೈಗುಣ ನಂಬಿ ಜನ ಬರ್ತಾರೆ. ನಿನ್ನನ್ನ ಹುಡುಕ್ಕೊಂಡು ಯಾರು ಬರ್ತಾರೆ? ನಿನ್ನ ಲೆಕ್ಕ ನಿನ್ನ ಅಂಗಡೀಲೇ ಇಟ್ಕೋ."

ಅಕ್ಕ ಚೀಲ ತೆಗೆದುಕೊಂಡು ಹೋದಳು. ಹೋದವಳು ಹೋದಳು. ಹದಿನಾಲ್ಕು ತಿಂಗಳು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಈಚೆಗೆ ತಂಗಿಯ ಕೈ ಕತ್ತರಿ ಹಿಡಿಯಲೂ ಬಾರದ ಹಾಗಾಗಿತ್ತು. ಅಂಗಡಿಯ ಕ್ರೀಮುಗಳೆಲ್ಲ ಆದವು. ಪಾರ್ಲರಿಗೆ ರಜೆಯಿದ್ದ ದಿನ, ತಾನೇ ಮಾಡಿಬಿಡುವುದೆಂದು ಅಡುಗೆಮನೆಯಲ್ಲಿ ತಕ್ಕಡಿ ಹೂಡಿದಳು. ಕೊನೆಯ ಡಬ್ಬಿಯ ತಳದಲ್ಲಿ ಅಕ್ಕನ ಗುಂಡು ಅಕ್ಷರದ ಚೀಟಿಯಿತ್ತು: ಯೂರಿಯಾ, ಹತ್ತು ಪರ್ಸೆಂಟ್.

"ಯೂರಿಯಾನಾ? ಅದು ಹೊಲಕ್ಕೆ ಹಾಕೋದಲ್ವೇನೇ?" ಎಂದ ಗಂಡ.

"ಇದು ಔಷಧಿಗೆ ಹಾಕೋದು. ನೀವು ಸುಮ್ನೆ ಪೇಪರ್ ಓದಿ."

ಇನ್ನೂರು ಗ್ರಾಂ ವಾಸನೆಯಿಲ್ಲದ ಬಿಳಿ ಕ್ರೀಮು ತೂಗಿದಳು. ಅದಕ್ಕೆ ಇಪ್ಪತ್ತು ಗ್ರಾಂ ಯೂರಿಯಾ ಸುರಿದು ಕಲಸತೊಡಗಿದವಳು ನಡುವೆಯೇ ನಿಂತಳು. ಒಟ್ಟು ಇನ್ನೂರಿಪ್ಪತ್ತಾಯಿತು. ಇನ್ನೂರಿಪ್ಪತ್ತರಲ್ಲಿ ಇಪ್ಪತ್ತು ಅಂದರೆ ಒಂಬತ್ತು ಚಿಲ್ಲರೆ. ಹತ್ತು ಎಲ್ಲಿಂದ ಬಂತು? ಶಾಲೆಯ ದಿನಗಳಲ್ಲಿ ಇದೇ ತಪ್ಪಿಗೆ ಅಕ್ಕ ತಲೆಗೆ ಮೊಟಕುತ್ತಿದ್ದಳು. "ನೂರರ ಒಳಗೆ ಹತ್ತು ಕಣೇ, ನೂರರ ಮೇಲೆ ಹತ್ತಲ್ಲ." ಆ ಮೊಟಕೂ ಈಗ ಬೇಕೆನಿಸಿತು ತಂಗಿಗೆ. ಕಲಸಿದ್ದನ್ನು ಪಕ್ಕಕ್ಕಿಟ್ಟು, ಹೊಸದಾಗಿ ನೂರ ಎಂಬತ್ತಕ್ಕೆ ಇಪ್ಪತ್ತು ಹಾಕಿದಳು. ತೂಕ ಗ್ರಾಮಿಗೆ ಗ್ರಾಮು ಸರಿಹೋಯಿತು.

ಹಚ್ಚಿಕೊಂಡಳು. ಮೆಣಸಿನಪುಡಿ ಎರಚಿದ ಹಾಗೆ ಕೈ ಉರಿಯಿತು. ನಲ್ಲಿಯ ಕೆಳಗೆ ಹಿಡಿದು ನಿಂತಳು, ಲೆಕ್ಕವನ್ನು ಮತ್ತೆ ಮತ್ತೆ ಮಾಡಿದಳು. ಎಲ್ಲೂ ತಪ್ಪಿರಲಿಲ್ಲ. ಹಾಗಿದ್ದರೆ ಅಕ್ಕನ ಹತ್ತು ಯಾಕೆ ಉರಿಯುತ್ತಿರಲಿಲ್ಲ?

ಮರುದಿನ ಪಾರ್ಲರಿನಲ್ಲಿ ಹೇರ್‌ಪಿನ್ನಿಗೆಂದು ಕೈ ಹಾಕಿದಾಗ ಅವಳಿಗೆ ಹೊಳೆಯಿತು. ಪಿನ್ನು, ಕ್ಲಿಪ್ಪು, ರಬ್ಬರು ತುಂಬಿಟ್ಟಿದ್ದೆಲ್ಲ ಅಕ್ಕನ ಹಳೆಯ ಡಬ್ಬಿಗಳಲ್ಲೇ. ಎಲ್ಲವನ್ನೂ ಮೇಜಿನ ಮೇಲೆ ಸುರಿದು ತಳ ನೋಡಿದಳು. ಪ್ರತಿಯೊಂದರಲ್ಲೂ ತಾರೀಕು, ಅಂಕಿ. ಮೊದಲನೆಯದು ನಾಲ್ಕು. ಆಮೇಲೆ ಐದು, ಆರು, ಎಂಟು. ಎಂಟಾದ ಮೇಲೆ ಇದ್ದಕ್ಕಿದ್ದಂತೆ ಮತ್ತೆ ನಾಲ್ಕು.

ತಾರೀಕು ನೋಡಿದಳು. ಸಹಾಯಕ್ಕಿದ್ದ ಹೆಂಗಸು ಬಾಣಂತನಕ್ಕೆ ಹೋಗಿ, ಎಲ್ಲ ತಲೆಗಳನ್ನೂ ತಾನೊಬ್ಬಳೇ ತೊಳೆದ ತಿಂಗಳು ಅದು. ಆಗ ಕೈ ಕೆಟ್ಟಿತ್ತು. ಅಕ್ಕನ ಹತ್ತಿರ ಹೇಳಿರಲಿಲ್ಲ. ಹೆಬ್ಬೆರಳು ಒತ್ತಿದಾಗ ಮುಖವನ್ನೂ ಕಿವುಚಿರಲಿಲ್ಲ. ಆದರೂ ಅಕ್ಕ ಇಳಿಸಿದ್ದಳು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿಸಿ, ಕೈ ತಡೆಯುತ್ತದೆ ಅನ್ನಿಸಿದ ಮೇಲಷ್ಟೇ ಹತ್ತಕ್ಕೆ ತಂದಿದ್ದಳು.

ತಂಗಿ ಪಿನ್ನುಗಳ ರಾಶಿಯ ಮುಂದೆ ಕೂತು ಅತ್ತಳು. ತಲೆಗೆ ಟವೆಲ್ ಸುತ್ತಿಕೊಂಡು ಕಾಯುತ್ತಿದ್ದ ಗಿರಾಕಿ ಏನೂ ತೋಚದೆ ಪತ್ರಿಕೆ ತಿರುವುತ್ತಿದ್ದಳು.

ಸಂಜೆ ಔಷಧಿ ಅಂಗಡಿಯಲ್ಲಿ ಸಾಲಿತ್ತು. ತಂಗಿಯೂ ನಿಂತಳು. ಅಕ್ಕ ತೆಳ್ಳಗಾಗಿದ್ದಳು, ಕನ್ನಡಕ ಬದಲಾಗಿತ್ತು. ಇಷ್ಟು ದಿನ ಈ ಮುಖ ನೋಡದೆ ಹೇಗಿದ್ದೆ ಎಂದು ತಂಗಿಗೆ ತನ್ನ ಮೇಲೇ ಸಿಟ್ಟು ಬಂತು. ಬಾಯಿಪಾಠ ಮಾಡಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಚೀಟಿ ಕೊಡಿ" ಎಂದಳು ಅಕ್ಕ, ತಲೆ ಎತ್ತದೆ.

ತಂಗಿ ಎರಡೂ ಕೈಗಳನ್ನು ಗಾಜಿನ ಮೇಲಿಟ್ಟಳು.

ಅಕ್ಕನ ಪೆನ್ನು ನಿಂತಿತು. ಮುಖ ನೋಡಲಿಲ್ಲ. ಕೈಗಳನ್ನು ಎತ್ತಿಕೊಂಡು ಮಗುಚಿದಳು, ಗೆಣ್ಣಿನ ಮೇಲೆ ಹೆಬ್ಬೆರಳು ಒತ್ತಿದಳು. ತಂಗಿ ಈ ಸಲ "ಹಾ" ಎಂದಳು.

"ಹತ್ತು ಹಾಕಿದ್ಯಾ?"

"ನೂರರ ಒಳಗೆ ಹತ್ತು. ತೂಕ ಮಾಡೇ ಹಾಕ್ದೆ, ಅಕ್ಕ."

"ಲೆಕ್ಕ ಸರಿಯಾಗೇ ಮಾಡಿದ್ದೀಯ." ಅಕ್ಕನ ದನಿ ಸ್ವಲ್ಪ ಒಡೆದಿತ್ತು. "ನಾಲ್ಕರಿಂದ ಶುರು ಮಾಡ್ಬೇಕು. ತುಂಬಾ ತಿಂಗಳು ಹಿಡಿಯತ್ತೆ."

"ಹಿಡೀಲಿ" ಎಂದಳು ತಂಗಿ.

ಹಿಂದೆ ನಿಂತಿದ್ದ ಮುದುಕರು ಕೆಮ್ಮಿದರು. ಅಕ್ಕ ಅವರಿಗೆ ಒಂದು ನಿಮಿಷ ಎಂದಳು, ಕೈ ಮಾತ್ರ ಬಿಡಲಿಲ್ಲ.