ಕ್ಲಚ್ಚಿಲ್ಲದ ಗಾಡಿ

ಮಾವನ ಎಡ ಮೊಣಕಾಲು ಕೈಕೊಟ್ಟ ಮೇಲೆ ಗಾಜಿನಂಗಡಿಯ ಪಿಕಪ್ ಗಾಡಿ ಅಂಗಳದಲ್ಲಿ ನಿಂತುಬಿಟ್ಟಿತು. ಅದಕ್ಕೆ ಮೊದಲು ಗಾಡಿ ಬಹಳ ಚೆನ್ನಾಗಿತ್ತು ಅಂತೇನಲ್ಲ. ಕೆಮ್ಮುತ್ತಿತ್ತು, ಹೊಗೆ ಕಾರುತ್ತಿತ್ತು, ಬೆಳಿಗ್ಗೆ ಎಬ್ಬಿಸಲು ಹೋದರೆ ಸೋಮಾರಿ ಮಗನ ಹಾಗೆ ಮತ್ತೆ ಮತ್ತೆ ಕರೆಸಿಕೊಳ್ಳುತ್ತಿತ್ತು. ಆದರೂ ಮಾವ ಬೈದೋ ರಮಿಸಿಯೋ ಅದನ್ನು ಎಬ್ಬಿಸಿ, ಹಿಂದಿನ ಮರದ ಚೌಕಟ್ಟಿಗೆ ಗಾಜಿನ ಹಾಳೆಗಳನ್ನು ಒರಗಿಸಿ ಕಟ್ಟಿ, ಊರೆಲ್ಲ ಸುತ್ತಿ ಬರುತ್ತಿದ್ದರು. ಮೊಣಕಾಲಿನ ಹತ್ತಿರ ಮಾತ್ರ ಅವರ ಬೈಗುಳ ನಡೆಯಲಿಲ್ಲ. ಕ್ಲಚ್ ಒತ್ತಿದರೆ ಸಾಕು, ನೋವು ನೆತ್ತಿಗೇರುತ್ತಿತ್ತು.

ಬಾಡಿಗೆ ಡ್ರೈವರ್ ಒಬ್ಬನನ್ನು ಇಟ್ಟು ನೋಡಿದರು. ಅವನು ಬಂದ ವಾರವೇ ಒಂದು ದೊಡ್ಡ ಕಿಟಕಿಯ ಗಾಜನ್ನು ಚೂರು ಚೂರು ಮಾಡಿ, ತಪ್ಪನ್ನೆಲ್ಲ ರಸ್ತೆಯ ತಲೆಗೆ ಕಟ್ಟಿ ಹೊರಟುಹೋದ. ಅಂದಿನಿಂದ ಮಾವ ಅಂಗಡಿಯ ಮೇಜಿನ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಗಾಜು ಕತ್ತರಿಸುವುದು, ಅಂಗಳದ ಕಡೆ ನೋಡುವುದು, ಮತ್ತೆ ಗಾಜು ಕತ್ತರಿಸುವುದು. ಒಂದು ದಿನ ಊಟದ ಮಧ್ಯೆ, ನೀರು ಕೇಳಿದಷ್ಟೇ ಸಲೀಸಾಗಿ ಹೇಳಿದರು: "ಗುಜರಿಯವನಿಗೆ ಹೇಳಿದ್ದೀನಿ. ಬಂದು ತಗೊಂಡು ಹೋಗ್ತಾನೆ."

ಅಳಿಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಹಡಿಯ ಮೇಲೆ ಹೆಂಡತಿಯೊಂದಿಗೆ ಇರುವ ಅವನಿಗೆ, ಬೆಳಿಗ್ಗೆ ಆ ಗಾಡಿ ಕೆಮ್ಮುವುದನ್ನು ಕೇಳಿ ಏಳುವುದು ರೂಢಿಯಾಗಿತ್ತು. ಮಾವನ ಈ ಮೌನ ಅವನಿಗೆ ನಿಜಕ್ಕೂ ಸಂಕಟ ಕೊಡುತ್ತಿತ್ತು.

"ಕೊಡಬೇಡಿ ಮಾವ. ನನಗೆ ರಜೆ ಬರ್ತಿದೆ. ಇಂಜಿನ್ ಇಳಿಸಿ ಮೋಟಾರ್ ಕೂರಿಸ್ತೀನಿ. ಕರೆಂಟಿನ ಗಾಡಿಗೆ ಕ್ಲಚ್ಚೇ ಬೇಕಿಲ್ಲ. ನಿಮ್ಮ ಎಡಗಾಲು ಆರಾಮಾಗಿ ಕೂತಿರಬಹುದು."

"ಲಿಫ್ಟ್ ರಿಪೇರಿ ಮಾಡೋರು ಗಾಡಿ ಮಾಡ್ತಾರಂತೆ," ಎಂದು ಮಾವ ಅತ್ತೆಯ ಕಡೆ ತಿರುಗಿದರು. ಆಮೇಲೆ ಅನ್ನ ಕಲಸುತ್ತ, "ಸರಿ. ನಿಮ್ಮ ರಜೆ ಮುಗಿಯೋವರೆಗೆ ಕಾಯ್ತೀನಿ. ಕೊನೇ ಭಾನುವಾರ ನಾನೇ ಕೂತು ಓಡಿಸಿ ನೋಡ್ತೀನಿ. ಗುಜರಿಯವನಿಗೂ ಅವತ್ತೇ ಬಾ ಅಂತೀನಿ. ಓಡಿದ್ರೆ ಓಡ್ತು, ಇಲ್ಲಾಂದ್ರೆ ಗುಜರಿ" ಎಂದರು.

ಹೌದು, ಅಳಿಯ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಮೋಟಾರು, ತಂತಿ, ಉಕ್ಕಿನ ಹಗ್ಗಗಳ ಜೊತೆ ದಿನ ಕಳೆದು ಸಂಜೆ ಮನೆಗೆ ಬರುವವನು. ಬಾಗಿಲು ಮುಚ್ಚದೆ ಏನೂ ಕದಲಬಾರದು ಎಂಬುದು ಲಿಫ್ಟಿನವರ ಮೊದಲ ಪಾಠ, ಕೊನೆಯದೂ ಅದೇ. ಅವನಿಗಂತೂ ಅದು ರಕ್ತಕ್ಕೇ ಇಳಿದಿತ್ತು. ಫ್ರಿಜ್ಜಾಗಲಿ, ಬೀರುವಾಗಲಿ, ಬಚ್ಚಲಾಗಲಿ, ಪಕ್ಕದಲ್ಲಿ ಹಾದುಹೋದರೆ ಬಾಗಿಲನ್ನು ಅಂಗೈಯಿಂದ ಒಮ್ಮೆ ಒತ್ತಿ, 'ಟಕ್' ಅಂದದ್ದು ಕೇಳಿಸಿಕೊಂಡೇ ಮುಂದೆ ಹೋಗುತ್ತಿದ್ದ. "ಮದುವೆ ಫೋಟೋದಲ್ಲೂ ಇವ್ರು ನನ್ನ ನೋಡ್ತಿಲ್ಲ, ಹಿಂದಿರೋ ಬಾಗಿಲು ನೋಡ್ತಿದ್ದಾರೆ," ಎಂದು ಹೆಂಡತಿ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಅಭ್ಯಾಸ ಅಂದರೆ ಮಾವನದೂ ಕಡಿಮೆಯದಲ್ಲ. ಅಂಗಳದಿಂದ ಗಾಡಿಯನ್ನು ಹಿಂದಕ್ಕೇ ತೆಗೆದು ಓಣಿಗೆ ಇಳಿಸಬೇಕು. ಹಿಂದಿನ ಕಿಟಕಿಗೆ ಮರದ ಚೌಕಟ್ಟು ಅಡ್ಡ. ಪಕ್ಕದ ಕನ್ನಡಿಯನ್ನು ಗೇಟಿನ ಕಂಬ ಯಾವ ಕಾಲದಲ್ಲೋ ನುಂಗಿಹಾಕಿತ್ತು. ದಿನವೂ ಕನ್ನಡಿ ಕತ್ತರಿಸಿ ಮಾರುವ ಈ ಮಹಾರಾಯರು ತಮ್ಮ ಗಾಡಿಗೆ ಒಂದು ಚೂರು ಕನ್ನಡಿ ಹಾಕಿಕೊಂಡಿರಲಿಲ್ಲ! ಬಾಗಿಲನ್ನು ಅರ್ಧ ತೆರೆದು, ಮೈಯನ್ನು ಅರ್ಧ ಹೊರಗೆ ಚಾಚಿ, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಹಿಂದಕ್ಕೆ ಬರುತ್ತಿದ್ದರು. ಗಿರಾಕಿಗಳ ಮನೆಯಲ್ಲಿ ಅಳತೆ ತೆಗೆಯುವುದು ಅತ್ತೆಯ ಕೆಲಸವಾದ್ದರಿಂದ ಪಕ್ಕದ ಸೀಟು ಅವರದು. ಮಾವ ಹೊರಗೆ ಬಾಗಿದ ಕೂಡಲೇ ಅತ್ತೆ ಹಿಂದಿನಿಂದ ಅವರ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಹೀಗಾಗಿ ಮಾವನ ಅಂಗಿಗಳೆಲ್ಲ ಬೆನ್ನಿನ ಒಂದೇ ಜಾಗದಲ್ಲಿ ಜೋಲುಬಿದ್ದಿದ್ದವು.

ರಜೆ ಶುರುವಾದದ್ದೇ ಅಳಿಯ ಅಂಗಳದಲ್ಲಿ ಠಿಕಾಣಿ ಹೂಡಿದ. ಮಾಡಿನ ತೊಲೆಗೆ ಸರಪಳಿಯ ರಾಟೆ ಕಟ್ಟಿ ಇಂಜಿನ್ನನ್ನು ಎತ್ತಿ ಮೂಲೆಗೆ ಕೂರಿಸಿದ. ಪೆಟ್ರೋಲ್ ಟ್ಯಾಂಕ್, ಹೊಗೆ ಕೊಳವೆ, ರೇಡಿಯೇಟರ್ ಎಲ್ಲ ಹೊರಗೆ ಬಂದವು. ಒಂದು ಗೋದಾಮಿನವರು ಮೂಲೆಗೆಸೆದಿದ್ದ, ಸಾಮಾನು ಎತ್ತುವ ಗಾಡಿಯ ಮೋಟಾರನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸಲು ದುಂಡನೆಯ ಕಬ್ಬಿಣದ ತಟ್ಟೆಯೊಂದನ್ನು ಕಡೆಸಿ ತಂದ. ತಟ್ಟೆ ಕೂದಲೆಳೆಯಷ್ಟು ಓರೆಯಾದರೂ ಮೋಟಾರು ಗುಂಯ್ ಎಂದು ನಡುಗುತ್ತಿತ್ತು. ಬಿಚ್ಚಿದ, ಉಜ್ಜಿದ, ಮತ್ತೆ ಕೂರಿಸಿದ. ಬೆವರು ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡ. ಹೆಂಡತಿ ಕಾಫಿ ಕೊಡಲು ಬಂದವಳು, "ಯಾರು ಬೇಕಿತ್ತು?" ಎಂದು ಕೇಳಿ ನಕ್ಕಳು. ಅವನಿಗೆ ಸುಖವಾಗಿತ್ತು. ಇಷ್ಟು ದಿನ ಬೇರೆಯವರ ಕಟ್ಟಡದಲ್ಲಿ ಮಾಡಿದ್ದನ್ನು ಈಗ ತನ್ನ ಮನೆಯವರಿಗಾಗಿ ಮಾಡುತ್ತಿದ್ದೇನೆ ಅನ್ನಿಸಿ, ದಣಿವೇ ಆಗುತ್ತಿರಲಿಲ್ಲ.

ಮಾವ ಅಂಗಡಿಯ ಕಿಟಕಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಪುಟ ಮಾತ್ರ ತಿರುಗುತ್ತಿರಲಿಲ್ಲ. ಬ್ಯಾಟರಿಗಳನ್ನೆಲ್ಲ ಹಿಂದಿನ ತುದಿಗೆ ಪೇರಿಸುವುದನ್ನು ಕಂಡಾಗ ತಡೆಯಲಾರದೆ ಕುಂಟುತ್ತ ಎದ್ದು ಬಂದರು.

"ಅಲ್ಲಿ ಭಾರ ಹಾಕಿದ್ರೆ ಮುಂದೆ ಹಗುರಾಗಿ ಗಾಡಿ ಕುಣಿಯುತ್ತೆ. ಅರ್ಧ ಮುಂದಕ್ಕೆ ಹಾಕಿ. ಗಾಜಿನ ಗಾಡಿ ಇದು, ಮರೀಬೇಡಿ."

ಅಳಿಯ ಅರ್ಧದಷ್ಟನ್ನು ಇಂಜಿನ್ ಇದ್ದ ಜಾಗಕ್ಕೆ ಸಾಗಿಸಿದ. ಬ್ಯಾಟರಿ ಅಲುಗದಿರಲೆಂದು ಅತ್ತೆ ಅಂಗಡಿಯ ರಬ್ಬರ್ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ ಕೊಟ್ಟರು. ಕ್ಲಚ್ ಪೆಡಲ್ ಕಿತ್ತ ತೂತಿಗೆ ತಗಡು ಮುಚ್ಚಿದ್ದಾಯಿತು. ಗೇರನ್ನು ಒಂದೇ ಕಡೆ ನಿಲ್ಲಿಸಿದ್ದಾಯಿತು. ಇನ್ನು ಮುಂದೆ ಹೋಗಲು, ಹಿಂದೆ ಬರಲು ಒಂದು ಗುಂಡಿ ಸಾಕು. ತಂತಿ ಎಳೆಯುವಾಗ ಅವನು ಯೋಚಿಸಲೇ ಇಲ್ಲ. ತಲೆ ಎಲ್ಲೋ ಇತ್ತು, ಕೈಗಳು ತಮಗೆ ಗೊತ್ತಿದ್ದ ದಾರಿಯಲ್ಲಿ ಒಂದೊಂದೇ ಜೋಡಿಸುತ್ತ ಹೋದವು.

ಶನಿವಾರ ಅವನೊಬ್ಬನೇ ಕೂತು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಿ ನೋಡಿದ. ಗಾಡಿ ಬೆಣ್ಣೆಯ ಹಾಗೆ ಜಾರಿತು.

ಭಾನುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಪರೀಕ್ಷೆ ಎಂದರೆ ಪರೀಕ್ಷೆಯೇ ಎಂದು ಚೌಕಟ್ಟಿಗೆ ನಾಲ್ಕು ಗಾಜು ಕಟ್ಟಿಸಿದರು. ಅತ್ತೆ ಪಕ್ಕದಲ್ಲಿ ಕೂತರು. ಮಾವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿ, ಸಿಗದೆ, ಸುಮ್ಮನಾಯಿತು. ಬಲಗಾಲು ಮೆಲ್ಲಗೆ ಒತ್ತಿದರು. ಗಾಡಿ ಸದ್ದಿಲ್ಲದೆ ಗೋಡೆಯವರೆಗೆ ಹೋಗಿ ನಿಂತಿತು.

ಮಾವ ಕಿವಿಗೊಟ್ಟು ಕೇಳಿದರು. ಹಿಂದೆಲ್ಲ ಇಂಜಿನ್ ಶುರುವಾದರೆ ಸಾಕು, ಗಾಜುಗಳು ಹಲ್ಲು ಕಡಿಯುತ್ತಿದ್ದವು. "ಗಾಜು ಉಸಿರೆತ್ತಲಿಲ್ಲ ಕಣೇ," ಎಂದರು ಹೆಂಡತಿಗೆ. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

ಇನ್ನು ಓಣಿಗೆ ಇಳಿಸಬೇಕು. ಮಾವ ಗುಂಡಿ ಬದಲಿಸಿ, ರೂಢಿಯಂತೆ ಹೊರಕ್ಕೆ ಬಾಗಿ ಒತ್ತಿದರು. ಗಾಡಿ ಕದಲಲಿಲ್ಲ. ಮತ್ತೆ ಒತ್ತಿದರು. ಊಹೂಂ.

"ನೀವಿಳೀರಿ ಮಾವ, ನೋಡ್ತೀನಿ," ಎಂದು ಅಳಿಯ ಹತ್ತಿ ಕೂತ. ಒತ್ತಿದ. ಗಾಡಿ ಹೇಳಿದ ಮಾತು ಕೇಳುವ ಹಸುವಿನ ಹಾಗೆ ಹಿಂದಕ್ಕೆ ಬಂತು. ಮತ್ತೆ ಗೋಡೆಯ ಹತ್ತಿರ ನಿಲ್ಲಿಸಿ ಮಾವನಿಗೆ ಬಿಟ್ಟುಕೊಟ್ಟ. ಮಾವ ಕೂತರೆ ಮತ್ತದೇ ಹಟ. ಫ್ಯೂಸ್ ನೋಡಿದ, ಕಂಟ್ರೋಲರ್ ನೋಡಿದ, ಎಲ್ಲ ಸರಿಯಿತ್ತು. ಅಳಿಯ ಕೂತರೆ ಓಡುತ್ತದೆ, ಮಾವ ಕೂತರೆ ಇಲ್ಲ.

ಮಾವ ನಿಧಾನವಾಗಿ ಕೆಳಗಿಳಿದರು.

"ನಾನು ಬೇಡ ಅಂತಿದೆ ಗಾಡಿ. ಅದಕ್ಕೂ ಗೊತ್ತಾಗಿದೆ, ಈ ಮುದುಕನ ಕೈಲಿ ಇನ್ನಾಗಲ್ಲ ಅಂತ. ಬಿಡಿ ಅಳಿಯಂದ್ರೇ, ನೀವು ಕಷ್ಟಪಟ್ರಿ. ಗುಜರಿಯವನು ಬರಲಿ."

ಬೈದಿದ್ದರೆ ಅಳಿಯ ತಡೆದುಕೊಳ್ಳುತ್ತಿದ್ದ. ಈ ಸಮಾಧಾನದ ಮಾತು ಅವನ ಎದೆಗೇ ನಾಟಿತು. ಹೇಗಾದರೂ ಅವರನ್ನು ಮತ್ತೆ ಸ್ಟೀರಿಂಗ್ ಹಿಂದೆ ಕೂರಿಸಬೇಕೆಂದು ಹೊರಟವನು, ಅವರ ಗಾಡಿಯಿಂದಲೇ ಅವರಿಗೆ ಅವಮಾನ ಮಾಡಿಸಿದಂತಾಯಿತು. ಸ್ಕ್ರೂಡ್ರೈವರ್ ತಿರುಗಿಸುತ್ತ ನಿಂತ.

ಆಗ ಗಾಡಿಯೊಳಗಿನಿಂದ ಅತ್ತೆಯ ಸಣ್ಣ ದನಿ ಬಂತು.

"ತಪ್ಪು ನಂದೇ ಇರ್ಬೇಕು. ನಾನು ಇವ್ರ ಅಂಗಿ ಹಿಡಿದಾಗೆಲ್ಲ ಅದು ನಿಲ್ತಿದೆ. ಕರೆಂಟಿನ ಗಾಡಿ ಅಲ್ವಾ, ಮುಟ್ಟಬಾರದಿತ್ತೇನೋ."

"ಅಂಗಿ ಹಿಡಿದ್ರೆ ಯಾಕೆ ಅತ್ತೆ..." ಎನ್ನುತ್ತಿದ್ದ ಅಳಿಯ ಅಲ್ಲೇ ನಾಲಿಗೆ ಕಚ್ಚಿಕೊಂಡ. ಅತ್ತೆ ಅಂಗಿ ಹಿಡಿಯುವುದು ಮಾವ ಹೊರಗೆ ಬಾಗಿದಾಗ. ಮಾವ ಬಾಗುವುದು ಬಾಗಿಲು ತೆರೆದು.

ಎರಡೂ ಬಾಗಿಲಿನ ಚೌಕಟ್ಟಿಗೆ ಪುಟ್ಟ ಸ್ವಿಚ್ಚುಗಳು. ಬಾಗಿಲು ಮುಚ್ಚಿದರೆ ಮಾತ್ರ ಮೋಟಾರಿಗೆ ಕರೆಂಟು. ಹಾಕಿದವನು ಅವನೇ, ಹಾಕಿದ್ದು ನೆನಪಿಲ್ಲದವನೂ ಅವನೇ.

"ಮಾವ," ಎಂದ, ಕೆನ್ನೆ ಕೆಂಪಾಗಿತ್ತು, "ನಾನು ನಿಮಗೆ ಲಿಫ್ಟ್ ಮಾಡಿಕೊಟ್ಟುಬಿಟ್ಟಿದ್ದೀನಿ. ಬಾಗಿಲು ತೆಗೆದಿದ್ರೆ ಅದು ಹೊರಡಲ್ಲ. ನೀವಲ್ಲ, ಯಾರು ಕೂತ್ರೂ ಅಷ್ಟೇ."

ನೋಡಲು ಬಂದು ನಿಂತಿದ್ದ ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಮಾವ ಒಂದು ಗಳಿಗೆ ಅಳಿಯನನ್ನೂ ಬಾಗಿಲನ್ನೂ ನೋಡಿದರು. ಮುಖದ ಗಂಟು ಸಡಿಲಾಯಿತು.

"ಒಂದು ತಂತಿ ವಿಷಯಾನಾ? ಕಿತ್ತು ಬಿಸಾಕಿ ಮತ್ತೆ."

ಅಳಿಯ ಇಕ್ಕುಳ ಎತ್ತಿಕೊಂಡ.

"ಆ ತಂತಿ ಮುಟ್ಟಿದ್ರೆ ನೋಡಿ!" ಎಂದರು ಅತ್ತೆ. ಆ ದನಿಯನ್ನು ಮನೆಯವರು ಯಾರೂ ಕೇಳಿರಲಿಲ್ಲ. ಅತ್ತೆ ಕೆಳಗಿಳಿದು ಬಂದು ಗಂಡನ ಮುಂದೆ ಕೈ ಚಾಚಿದರು. ಬೆರಳುಗಳು ಗಂಟುಗಂಟಾಗಿದ್ದವು.

"ಮದುವೆಯಾದಾಗಿಂದ ಹೇಳ್ತಿದ್ದೀನಿ, ಬಾಗಿಲು ಹಾಕ್ಕೊಂಡು ಓಡ್ಸಿ ಅಂತ. ನೀವು ಕೇಳಲಿಲ್ಲ, ನಾನು ಅಂಗಿ ಹಿಡ್ಕೊಂಡೆ. ಈಗ ಈ ಕೈಗೆ ಮೊದಲಿನ ಹಿಡಿತ ಇಲ್ಲ ರೀ. ಪಾತ್ರೆನೇ ಜಾರುತ್ತೆ. ನಿಮಗೆ ಮೊಣಕಾಲು ನೋವು ಬಂತಲ್ಲ, ಅವತ್ತು ನನಗೆ ಒಳಗೊಳಗೇ ನೆಮ್ಮದಿ ಆಯ್ತು. ಇನ್ನು ಬೀಳಲ್ಲ ಅಂತ."

ಮಾವ ಆ ಬೆರಳುಗಳನ್ನು ಹೊಸದಾಗಿ ಕಂಡವರಂತೆ ನೋಡಿದರು. ಆಮೇಲೆ ತಿರುಗಿ, ಕುಂಟುತ್ತ ಅಂಗಡಿಯೊಳಗೆ ಹೋಗಿ ಬಾಗಿಲು ಎಳೆದುಕೊಂಡರು. ಕೋಪ ಬಂತು ಎಂದುಕೊಂಡ ಅಳಿಯ. ಇಕ್ಕುಳ ಕೈಯಲ್ಲೇ ಇತ್ತು. ಅಷ್ಟರಲ್ಲಿ ಗೇಟಿನ ಹೊರಗೆ ಗುಜರಿಯವನ ಗಾಡಿ ಹಾರನ್ ಹೊಡೆಯಿತು.

ಅಂಗಡಿಯೊಳಗಿನಿಂದ ಗಾಜಿನ ಮೇಲೆ ಕಟರ್ ಎಳೆದ ಕಿರ್ರ್ ಸದ್ದು ಕೇಳಿತು. ಹಿಂದೆಯೇ ಪಟ್ ಎಂದು ಮುರಿದ ಸದ್ದು. ಆಮೇಲೆ ಅಂಚು ಉಜ್ಜುವ ಸದ್ದು, ಬಹಳ ಹೊತ್ತು. ಮಾವ ಹೊರಗೆ ಬಂದಾಗ ಕೈಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕನ್ನಡಿಯಿತ್ತು.

"ಹಿಡೀರಿ, ಆ ಹಳೇ ಕನ್ನಡಿಯ ಕೊಕ್ಕೆಗೆ ಕೂರಿಸಿ. ಗುಜರಿಯವನಿಗೆ ಆ ಇಂಜಿನ್ ತೋರಿಸಿ, ಹೊತ್ಕೊಂಡು ಹೋಗಲಿ. ಗಾಡಿ ಕೊಡಲ್ಲ ಅನ್ನಿ."

ಕನ್ನಡಿ ಕೂತಿತು. ಗುಜರಿಯವನು ಗೊಣಗುತ್ತ ಇಂಜಿನ್ ಹೇರಿಕೊಂಡು ಹೋದ. ಮಾವ ಹತ್ತಿ ಕೂತು ಬಾಗಿಲು ಎಳೆದುಕೊಂಡರು, ಅಳಿಯನ ಹಾಗೆಯೇ ಅಂಗೈಯಿಂದ ಒಮ್ಮೆ ಒತ್ತಿದರು. ಟಕ್ ಎಂದಿತು. ಕನ್ನಡಿಯಲ್ಲಿ ಕಣ್ಣಿಟ್ಟು, ಹೊಸದಾಗಿ ಕಲಿಯುವವರ ಹಾಗೆ ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಾಡಿಸುತ್ತ ಗಾಡಿಯನ್ನು ಹಿಂದಕ್ಕೆ ತಂದರು. ಗಾಜುಗಳು ತೆಪ್ಪಗಿದ್ದವು. ಪಕ್ಕದಲ್ಲೇ ನಡೆದುಬರುತ್ತಿದ್ದ ಅಳಿಯನಿಗೆ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಬಾಗಿಲು ಹಾಕಿದೆ ಕಣೇ, ಇನ್ನೆಲ್ಲಿ ಬೀಳ್ತೀನಿ? ಅಂಗಿ ಬಿಡು."

"ನೀವು ಓಡ್ಸಿ," ಎಂದರು ಅತ್ತೆ.

ಗಾಡಿ ಗೇಟು ದಾಟಿ ಓಣಿಗೆ ಇಳಿಯಿತು. ಅತ್ತೆ ಅಂಗಿ ಬಿಡಲಿಲ್ಲ. ಮಾವನೂ ಎರಡನೇ ಸಲ ಕೇಳಲಿಲ್ಲ.